ಸಾಲಿಮಠದ ಹಾಲಯ್ಯ: ಹಾನಗಲ್ಲ ಶ್ರೀ ಕುಮಾರ ಸ್ವಾಮಿಗಳವರ ವಿದ್ಯಾರ್ಥಿದೆಸೆ

ಮಹಾತ್ಮರ ಚರಿತ್ರೆಯನ್ನು ಹೇಳುವಾಗ ನಾವು ಸಾಮಾನ್ಯವಾಗಿ ಅವರ ಪಟ್ಟಾಧಿಕಾರದ ಮಂಗಲ ಮುಹೂರ್ತದಿಂದ ಆರಂಭಿಸುತ್ತೇವೆ. ಅವರ ತಪಸ್ಸು, ಅವರ ಮಹಿಮೆ, ಅವರು ಕಟ್ಟಿದ ಸಂಸ್ಥೆಗಳು, ಇವುಗಳನ್ನು ವರ್ಣಿಸಿ ಕೈಮುಗಿದು ಮುಗಿಸುತ್ತೇವೆ. ಇದರಿಂದ ಭಕ್ತಿಯು ಹೆಚ್ಚುವುದು ನಿಜ. ಆದರೆ ಅದನ್ನು ಕೇಳುವ ಬಾಲಕನು, ಇಂಥವರು ಹುಟ್ಟಿದಾಗಲೇ ಸಿದ್ಧರಾಗಿದ್ದರು, ಅವರ ದಾರಿ ಬೇರೆ, ನನ್ನ ದಾರಿ ಬೇರೆ ಎಂದು ಭಾವಿಸಿ ದೂರ ನಿಲ್ಲುತ್ತಾನೆ. ಮಹಾತ್ಮರೂ ಒಮ್ಮೆ ಪಾಟಿ ಹಿಡಿದು ಶಾಲೆಗೆ ಹೋದವರು, ಅವರಿಗೂ ಹಸಿವೆಯಾಗುತ್ತಿತ್ತು, ಅವರೂ ಪರೀಕ್ಷೆಗೆ ಕುಳಿತವರು. ಆ ಕಾಲದ ಅವರ ಬಾಳನ್ನು ತಿಳಿದರೆ ಮಕ್ಕಳಿಗೂ ಮಕ್ಕಳ ತಂದೆತಾಯಿಗಳಿಗೂ ಒಂದು ಊರುಗೋಲು ದೊರೆತಂತಾಗುವುದು.

ಹೋದ ಬೇಸಗೆಯಲ್ಲಿ, ಪರೀಕ್ಷೆಗಳ ಫಲ ಪ್ರಕಟವಾದ ವಾರದಲ್ಲಿ, ಸದ್ಗೃಹಸ್ಥರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ನಮ್ಮ ಮಠಕ್ಕೆ ಬಂದಿದ್ದರು. ಹುಡುಗನು ಹೈಸ್ಕೂಲಿನ ಮೊದಲನೆಯ ವರ್ಷದಲ್ಲಿ ಹಿಂದೆ ಬಿದ್ದಿದ್ದನು. ತಂದೆಯವರು ಅವನ ಎದುರಿನಲ್ಲಿಯೇ, ಇವನು ಇನ್ನು ಯಾವ ಕೆಲಸಕ್ಕೂ ಬರುವವನಲ್ಲವೆಂದೂ, ಮಠದಲ್ಲಿ ಕಸ ಗುಡಿಸಿಕೊಂಡಾದರೂ ಇರಲಿ ಎಂದೂ ಬಹು ನೊಂದು ನುಡಿದರು. ಹುಡುಗನು ತನ್ನ ಕಾಲಬೆರಳನ್ನೇ ನೋಡುತ್ತ ನಿಂತಿದ್ದನು. ಆಗ ಅವರಿಗೆ ತಕ್ಕ ಉತ್ತರವನ್ನು ಕೊಡಲು ನನ್ನಿಂದಾಗಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನಾದರೂ, ನೊಂದ ತಂದೆಯ ಮುಂದೆ ಮಾತು ತಡವಾಗಿ ಬರುತ್ತದೆ. ಈ ಲೇಖನವೇ ಆ ಉತ್ತರವೆಂದು ಅವರು ತಿಳಿಯಬೇಕಾಗಿ ಪ್ರಾರ್ಥನೆ.

ಪ್ರಾತಃಸ್ಮರಣೀಯರಾದ ಹಾನಗಲ್ಲ ಶ್ರೀ ಕುಮಾರ ಸ್ವಾಮಿಗಳವರ ಹೆಸರನ್ನು ಕೇಳದ ಶಿವಭಕ್ತರ ಮನೆಯೇ ಇಲ್ಲ. ಶಿವಯೋಗಮಂದಿರದ ಸಂಸ್ಥಾಪಕರೆಂದೂ, ವೀರಶೈವ ಮಹಾಸಭೆಯ ಕಾರಣಪುರುಷರೆಂದೂ ಅವರನ್ನು ನಾವೆಲ್ಲರೂ ಸ್ಮರಿಸುತ್ತೇವೆ. ಆದರೆ ಆ ಕುಮಾರ ಸ್ವಾಮಿಗಳಾಗುವುದಕ್ಕೆ ಮೊದಲು ಅವರು ಹಾಲಯ್ಯನೆಂಬ ಬಡ ಜಂಗಮ ಬಾಲಕನಾಗಿದ್ದರು.

ಇಂದಿನ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನಲ್ಲಿ ಜೋಯಿಸರ ಹರಳಹಳ್ಳಿಯೆಂಬ ಗ್ರಾಮವುಂಟು. ಆ ಕಾಲದಲ್ಲಿ ಅದು ಮುಂಬಯಿ ಇಲಾಖೆಗೆ ಸೇರಿದ ಧಾರವಾಡ ಜಿಲ್ಲೆಯ ಭಾಗವಾಗಿತ್ತು. ಇದು ತುಂಗಭದ್ರೆಯ ನಾಡು. ಅಂಬಿಗರ ಚೌಡಯ್ಯನವರ ಹೆಸರನ್ನು ಹೊತ್ತ ಚೌಡಯ್ಯದಾನಪುರವು ಇದೇ ತಾಲ್ಲೂಕಿನಲ್ಲಿ ಹೊಳೆಯ ದಂಡೆಯ ಮೇಲೆ ಇದೆ. ಹುಟ್ಟುಹಾಕುವ ಕಾಯಕದಲ್ಲಿಯೇ ಶಿವನನ್ನು ಕಂಡ ಶರಣರು ಓಡಾಡಿದ ಈ ನೆಲದಲ್ಲಿ, ಹರಳಹಳ್ಳಿಯ ಸಾಲಿಮಠದ ಮನೆತನದ ಬಸವಯ್ಯನವರಿಗೂ ನೀಲಮ್ಮನವರಿಗೂ ಮಗನಾಗಿ ೧೮೬೭ನೆಯ ಇಸವಿಯ ಸೆಪ್ಟೆಂಬರ್ ತಿಂಗಳ ೧೧ನೆಯ ದಿನ ಹಾಲಯ್ಯನು ಜನಿಸಿದನು.

ಸಾಲಿಮಠವೆಂಬ ಹೆಸರಿನಲ್ಲಿಯೇ ಒಂದು ಇತಿಹಾಸವಡಗಿದೆ. ಸಾಲಿಯೆಂದರೆ ಶಾಲೆ. ಊರ ಮಕ್ಕಳಿಗೆ ಅಕ್ಷರ ಕಲಿಸುವ ಕಾಯಕವನ್ನು ತಲೆಮಾರಿನಿಂದ ನಡೆಸಿಕೊಂಡು ಬಂದ ಜಂಗಮರ ಮನೆಗೆ ಜನರೇ ಆ ಹೆಸರನ್ನಿಟ್ಟರು. ಸರಕಾರದ ಶಾಲೆಗಳು ಹಳ್ಳಿಗಳನ್ನು ಮುಟ್ಟುವ ಮೊದಲು ನಮ್ಮ ನಾಡಿನಲ್ಲಿ ವಿದ್ಯೆಯು ಉಳಿದುಕೊಂಡಿದ್ದುದು ಇಂಥ ಗಾವಟಿ ಶಾಲೆಗಳಲ್ಲಿ. ಮಠದ ಪಡಸಾಲೆಯೇ ಶಾಲೆ, ನೆಲದ ಮೇಲೆ ಹರಡಿದ ಮರಳೇ ಪಾಟಿ, ಬೆರಳೇ ಬಳಪ. ಮರಳಿನಲ್ಲಿ ತಿದ್ದಿ ತಿದ್ದಿ ಓನಾಮ ಮುಗಿದ ಮೇಲೆ ಮಗ್ಗಿ. ಮಗ್ಗಿಯ ಬಳಿಕ ಕಾಲು, ಅರೆ, ಮುಕ್ಕಾಲುಗಳ ಲೆಕ್ಕ. ಆ ಬಳಿಕ ಓದು, ಮೋಡಿಯ ಬರಹ, ಅಮರದ ಕಂಠಪಾಠ. ಸಾಯಂಕಾಲ ಮಕ್ಕಳೆಲ್ಲ ಸಾಲಾಗಿ ನಿಂತು ಗಟ್ಟಿಯಾಗಿ ಮಗ್ಗಿ ಒಪ್ಪಿಸಿದರೆ ಊರಿಗೆಲ್ಲ ಹೊತ್ತು ಮುಳುಗಿತೆಂದು ತಿಳಿಯುತ್ತಿತ್ತು. ಗುರುವಿಗೆ ಸಂಬಳವೆಂಬುದಿಲ್ಲ, ಸುಗ್ಗಿಯಲ್ಲಿ ಮನೆಮನೆಯಿಂದ ಬರುವ ಕಾಳುಕಡಿಯೇ ಅವನ ವರಮಾನ. ಇಂಥ ಮನೆಯಲ್ಲಿ ವಿದ್ಯೆಗೆ ಗೌರವವಿತ್ತು; ಕಣಜದಲ್ಲಿ ಮಾತ್ರ ಧಾನ್ಯವಿರಲಿಲ್ಲ. ಹಾಲಯ್ಯನಿಗೆ ಹಿರಿಯರಿಂದ ಬಂದ ಆಸ್ತಿ ಅಕ್ಷರ, ಅದರೊಡನೆ ಬಂದುದು ಬಡತನ.

ಬಾಲಕನಿಗೆ ಒಂಬತ್ತು ವರ್ಷ ತುಂಬುವ ಹೊತ್ತಿಗೆ ದಕ್ಷಿಣ ದೇಶವನ್ನೆಲ್ಲ ನಡುಗಿಸಿದ ಬರಗಾಲವು ಬಂದಿತು. ೧೮೭೬ರಿಂದ ೧೮೭೮ರ ವರೆಗಿನ ಆ ಕ್ಷಾಮವನ್ನು ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರವೆಂದು ನೆನೆದು ಬೆಚ್ಚುತ್ತಿದ್ದರು. ಮಳೆ ಹೋಯಿತು, ಬೆಳೆ ಹೋಯಿತು, ದನಗಳು ಹೋದವು, ಜನರೂ ಊರು ಬಿಟ್ಟು ಹೋದರು. ಧಾರವಾಡ ಜಿಲ್ಲೆಯು ಈ ಬರದ ಬಾಯಿಗೆ ಸಿಕ್ಕ ಜಿಲ್ಲೆಗಳಲ್ಲಿ ಒಂದು. ಹೊಲವಿದ್ದವರೇ ಗಂಜಿಗೆ ಕಾದು ನಿಂತ ಕಾಲದಲ್ಲಿ, ಊರವರ ಕಾಳಿನ ಮೇಲೆ ಬಾಳುವ ಜಂಗಮರ ಮನೆಯ ಒಲೆಯ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ. ಮುಂದೆ ಹಾನಗಲ್ಲ ಮಠದ ಅಧಿಕಾರಕ್ಕೆ ಬಂದ ಬಳಿಕ ಈ ಸ್ವಾಮಿಗಳು ಹಸಿದು ಬಂದವರಿಗೆ ಅನ್ನವಿಕ್ಕುವುದನ್ನು ಲಿಂಗಪೂಜೆಯಷ್ಟೇ ನಿಷ್ಠೆಯಿಂದ ನಡೆಸಿದರು. ಹಸಿವೆಯನ್ನು ಅವರು ಪುಸ್ತಕದಿಂದ ತಿಳಿದವರಲ್ಲ.

ಹರಳಹಳ್ಳಿಯಲ್ಲಿ ಕಲಿಯುವಷ್ಟನ್ನು ಕಲಿತ ಮೇಲೆ, ಮುಂದಿನ ಓದಿಗಾಗಿ ಹಾಲಯ್ಯನು ಕಜ್ಜರಿಯೆಂಬ ಊರಿಗೆ ಹೋಗಬೇಕಾಯಿತು. ಹುಡುಗನು ಓದುತ್ತೇನೆಂದರೆ ಮನೆಯಲ್ಲಿ ಬೇಡವೆನ್ನುವವರಿರಲಿಲ್ಲ. ಆದರೆ ಪರಸ್ಥಳದಲ್ಲಿ ಊಟಕ್ಕೆ ದಾರಿಯೇನು? ಜಂಗಮ ವಟುವಿಗೆ ಪರಂಪರೆಯು ತೋರಿದ ದಾರಿ ಒಂದೇ, ಕಂತಿ ಭಿಕ್ಷೆ. ಹೆಗಲಿಗೆ ಜೋಳಿಗೆ, ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ. ಹೊತ್ತು ಹೊತ್ತಿಗೆ ಭಕ್ತರ ಬಾಗಿಲಲ್ಲಿ ನಿಂತು, ಅವರು ನೀಡಿದ ರೊಟ್ಟಿಯನ್ನೂ ನುಚ್ಚನ್ನೂ ಒಟ್ಟುಗೂಡಿಸಿ ತಂದು, ಲಿಂಗಕ್ಕರ್ಪಿಸಿ ಉಣ್ಣುವುದು. ಉಂಡು ಶಾಲೆಗೆ ಹೋಗುವುದು. ಒಂದು ಮನೆಯ ರೊಟ್ಟಿ ಬಿಸಿ, ಇನ್ನೊಂದು ಮನೆಯದು ತಂಗಳು. ಒಂದು ಮನೆಯಲ್ಲಿ ತಾಯಿಯ ಕರುಣೆ, ಇನ್ನೊಂದು ಮನೆಯಲ್ಲಿ ಮುಂದೆ ಹೋಗೆಂಬ ಮಾತು. ಎಲ್ಲವೂ ಒಂದೇ ಜೋಳಿಗೆಯಲ್ಲಿ ಬೆರೆಯುತ್ತವೆ.

ಇಂದಿನ ಮಕ್ಕಳಿಗೆ ಇದನ್ನು ಹೇಳಿದರೆ ನಾಚಿಕೆಯ ಸಂಗತಿಯೆಂದು ತೋರಬಹುದು. ಹದಿಮೂರು ಹದಿನಾಲ್ಕರ ಪ್ರಾಯವೆಂಬುದು ಬಹು ಸೂಕ್ಷ್ಮವಾದುದು. ಆ ವಯಸ್ಸಿನಲ್ಲಿ ಬಾಲಕನಿಗೆ ತನ್ನ ಅಂಗಿಯ ಹರಕು ಊರಿಗೆಲ್ಲ ಕಾಣುತ್ತಿದೆಯೆಂದೇ ಅನ್ನಿಸುತ್ತದೆ. ಸಹಪಾಠಿಯ ಮನೆಯ ಬಾಗಿಲಲ್ಲಿಯೇ ಜೋಳಿಗೆ ಹಿಡಿದು ನಿಲ್ಲಬೇಕಾದಾಗ ಮನಸ್ಸು ಎರಡು ದಾರಿ ಹಿಡಿಯಬಹುದು. ಲೋಕದ ಮೇಲೆ ಮುನಿದು ಕಲ್ಲಾಗಬಹುದು. ಇಲ್ಲವೆ ನೀಡಿದವರ ಋಣವನ್ನು ನೆನೆದು ಮಿದುವಾಗಬಹುದು. ಹಾಲಯ್ಯನ ಮನಸ್ಸು ಎರಡನೆಯ ದಾರಿಯನ್ನು ಹಿಡಿಯಿತೆಂಬುದಕ್ಕೆ ಅವನ ಮುಂದಿನ ಬಾಳೆಲ್ಲ ಸಾಕ್ಷಿ. ಸಮಾಜದ ಅನ್ನದಿಂದ ತಾನು ಬೆಳೆದೆನೆಂಬುದನ್ನು ಆತನು ಕೊನೆಯ ವರೆಗೆ ಮರೆಯಲಿಲ್ಲ. ಶರಣರು ಭಿಕ್ಷೆಗೂ ದಾಸೋಹಕ್ಕೂ ಇಟ್ಟ ಸಂಬಂಧ ಇದೇ. ಪಡೆದುದನ್ನು ತನ್ನದೆಂದು ಮುಚ್ಚಿಟ್ಟುಕೊಂಡರೆ ಅದು ಬೇಡಿಕೆ. ಪಡೆದುದನ್ನು ನೂರು ಮಡಿಯಾಗಿ ಸಮಾಜಕ್ಕೆ ಹಿಂದಿರುಗಿಸಿದರೆ ಅದು ದಾಸೋಹ.

ಆಗಿನ ಕಾಲದ ಶಾಲೆಯ ಓದಿನ ಕ್ರಮವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಧಾರವಾಡ ಪ್ರಾಂತದಲ್ಲಿ ಒಂದು ಕಾಲಕ್ಕೆ ಶಾಲೆ, ಕಚೇರಿಗಳಲ್ಲೆಲ್ಲ ಮರಾಠಿಯ ಪ್ರಾಬಲ್ಯವಿತ್ತು. ಅದನ್ನು ತಪ್ಪಿಸಿ ಕನ್ನಡ ಶಾಲೆಗಳನ್ನು ಊರೂರಿಗೆ ಹರಡಲು ದುಡಿದವರಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಅಗ್ರಗಣ್ಯರು. ೧೮೩೪ರಲ್ಲಿ ಹುಟ್ಟಿ ೧೮೮೧ರಲ್ಲಿ ಲಿಂಗೈಕ್ಯರಾದ ಆ ಪುಣ್ಯಪುರುಷರ ಶ್ರಮದ ಫಲವಾಗಿಯೇ ಹಾಲಯ್ಯನಂಥ ಹಳ್ಳಿಯ ಹುಡುಗರಿಗೆ ತಾಯಿನುಡಿಯಲ್ಲಿ ಓದುವ ಯೋಗ ಬಂದಿತು. ಕನ್ನಡ ಶಾಲೆಯ ಕೊನೆಯ ಮೆಟ್ಟಿಲು ಮುಲ್ಕಿ ಪರೀಕ್ಷೆ. ಇಂದಿನ ಲೆಕ್ಕದಲ್ಲಿ ಅದು ಹೈಸ್ಕೂಲಿನ ಹೊಸ್ತಿಲಲ್ಲಿರುವ ಬಾಲಕರು ಬರೆಯುವ ಪರೀಕ್ಷೆಯೆನ್ನಬಹುದು. ಆದರೆ ಆಗ ಅದರ ತೂಕವೇ ಬೇರೆ. ಮುಲ್ಕಿಯಾದವನಿಗೆ ಕನ್ನಡ ಶಾಲೆಯ ಮಾಸ್ತರಿಕೆ, ತಲಾಠಿಯ ಕೆಲಸ, ಕಚೇರಿಯ ಕಾರಕೂನಿಕೆ, ಇವುಗಳ ಬಾಗಿಲು ತೆರೆಯುತ್ತಿತ್ತು. ಹಳ್ಳಿಯಲ್ಲಿ ಒಬ್ಬನು ಮುಲ್ಕಿಯಾದನೆಂದರೆ ಅವನ ಮನೆಯ ಒಲೆ ಇನ್ನು ಆರುವುದಿಲ್ಲವೆಂದೇ ಅರ್ಥ. ಬಡವರ ಮನೆಯ ಆಸೆಯೆಲ್ಲ ಆ ಒಂದು ಕಾಗದದ ಮೇಲೆ ನಿಂತಿರುತ್ತಿತ್ತು.

ಅದೇ ಕಾಲಕ್ಕೆ ನಮ್ಮ ಸಮಾಜದ ಹಿರಿಯರಲ್ಲಿಯೂ ಒಂದು ಎಚ್ಚರ ಮೂಡತೊಡಗಿತ್ತು. ೧೮೮೩ರಲ್ಲಿ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಮೊದಲಾದವರು ಕೂಡಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾರ್ಥಿಗಳ ಸಹಾಯಕ್ಕಾಗಿ ಒಂದು ನಿಧಿಯನ್ನು ಸ್ಥಾಪಿಸಿದರು. ಓದಬೇಕೆಂಬ ಹುಡುಗನು ಹಣವಿಲ್ಲದೆ ಹಿಂದಿರುಗಬಾರದೆಂಬುದು ಅವರ ಸಂಕಲ್ಪ. ಆದರೆ ಅಂಥ ಸಹಾಯವು ಹರಳಹಳ್ಳಿ ಕಜ್ಜರಿಗಳಂಥ ಹಳ್ಳಿಗಳ ಬಾಗಿಲಿಗೆ ಬರಲು ಇನ್ನೂ ಎಷ್ಟೋ ವರ್ಷ ಬೇಕಾಗಿದ್ದಿತು. ಹಾಲಯ್ಯನಂಥವರಿಗೆ ಅಂದು ಇದ್ದ ನಿಧಿಯೆಂದರೆ ಹೆಗಲ ಮೇಲಿನ ಜೋಳಿಗೆಯೊಂದೇ.

ಹೀಗೆ ಭಿಕ್ಷಾನ್ನದಿಂದ ಓದಿದ ಹಾಲಯ್ಯನು ಮುಲ್ಕಿ ಪರೀಕ್ಷೆಗಾಗಿ ಧಾರವಾಡಕ್ಕೆ ಹೋದನು. ರಾಣೆಬೆನ್ನೂರಿನ ಸೀಮೆಯಿಂದ ಧಾರವಾಡವೆಂದರೆ ನೂರು ಕಿಲೋಮೀಟರಿಗೂ ಮಿಕ್ಕ ದೂರ. ಹಳ್ಳಿಯ ಹುಡುಗನಿಗೆ ಅಷ್ಟು ದೊಡ್ಡ ಊರು, ಅಷ್ಟೊಂದು ಅಪರಿಚಿತ ಮುಖಗಳು, ಅಧಿಕಾರಿಗಳ ಠೀವಿ, ಎಲ್ಲವೂ ಹೊಸದು. ಪರೀಕ್ಷೆ ನಡೆಯಿತು, ಫಲವೂ ತಿಳಿಯಿತು. ಹಾಲಯ್ಯನು ತೇರ್ಗಡೆಯಾಗಿರಲಿಲ್ಲ.

ವಾಚಕ ಮಹಾಶಯರೇ, ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಭಕ್ತಿಯ ಭರದಲ್ಲಿ ಚರಿತ್ರೆ ಹೇಳುವವರು ಈ ಮಾತನ್ನು ಅರ್ಧವಾಕ್ಯದಲ್ಲಿ ದಾಟಿಬಿಡುತ್ತಾರೆ. ದೈವಸಂಕಲ್ಪವೇ ಹಾಗಿತ್ತು, ಲೌಕಿಕ ವಿದ್ಯೆ ಅವರಿಗೆ ಬೇಕಾಗಿರಲಿಲ್ಲ ಎಂದು ಸಮಾಧಾನ ಹೇಳುತ್ತಾರೆ. ಮುಂದಾದುದನ್ನು ಬಲ್ಲ ನಮಗೆ ಹಾಗೆನ್ನುವುದು ಸುಲಭ. ಆದರೆ ಆ ದಿನ ಮುಂದಾಗುವುದನ್ನು ಬಲ್ಲವರು ಯಾರಿದ್ದರು? ಮಠವಿರಲಿಲ್ಲ, ಪೀಠವಿರಲಿಲ್ಲ, ಶಿಷ್ಯರಿರಲಿಲ್ಲ. ಇದ್ದುದು ನಪಾಸಾದ ಒಬ್ಬ ಹುಡುಗ, ಹಿಂದಿರುಗುವ ದೂರದ ದಾರಿ, ಮನೆಯಲ್ಲಿ ಕಾದಿರುವವರು. ಎಷ್ಟು ಮನೆಗಳ ರೊಟ್ಟಿಯನ್ನು ಉಂಡು ಓದಿದ ಓದು ಇದು. ಆ ಮನೆಗಳವರು ಕೇಳಿದರೆ ಹೇಳುವುದೇನು? ಇದಕ್ಕಿಂತ ಭಾರವಾದ ಪ್ರಶ್ನೆ ಆ ಪ್ರಾಯದ ಬಾಲಕನಿಗೆ ಬೇರೊಂದಿಲ್ಲ. ನಮ್ಮ ಮನೆಗಳಲ್ಲಿ ಪ್ರತಿವರ್ಷ ಎಷ್ಟೋ ಮಕ್ಕಳು ಇದೇ ಪ್ರಶ್ನೆಯನ್ನು ಹೊತ್ತು ಶಾಲೆಯಿಂದ ಮನೆಗೆ ನಡೆಯುತ್ತಾರೆ. ಅವರಲ್ಲಿ ಕೆಲವರು ಮನೆ ಮುಟ್ಟುವುದೇ ಇಲ್ಲವೆಂಬ ದಾರುಣ ಸುದ್ದಿಯನ್ನೂ ನಾವು ಓದುತ್ತಿದ್ದೇವೆ.

ಹಾಲಯ್ಯನು ಹಿಂದಿರುಗಿದನು. ಹಿಂದಿರುಗಿ ಕೈಕಟ್ಟಿ ಕೂಡಲಿಲ್ಲ. ಲಿಂಗದಹಳ್ಳಿಯೆಂಬ ಊರಿನಲ್ಲಿ ಮಕ್ಕಳಿಗೆ ಅಕ್ಷರ ಕಲಿಸತೊಡಗಿದನು. ಸಾಲಿಮಠದ ಹುಡುಗನು ಹಿರಿಯರ ಕಾಯಕಕ್ಕೇ ಬಂದು ಸೇರಿದನು. ಮಾಸ್ತರಿಕೆಗೆ ಯೋಗ್ಯನೆಂಬ ಕಾಗದವನ್ನು ಸರಕಾರವು ಕೊಡಲಿಲ್ಲ. ಆದರೂ ಊರ ಮಕ್ಕಳಿಗೆ ಆತನು ಗುರುವಾದನು. ಅಧ್ಯಾಪಕನಾದ ನನಗೆ ಈ ಸಂಗತಿಯು ಬಹು ಪ್ರಿಯವಾದುದು. ಎಂದೂ ಎಡವದೆ ಓದಿದ ಗುರುವಿಗೆ, ಎಡವುವ ಶಿಷ್ಯನನ್ನು ಕಂಡರೆ ಬೇಸರ ಬರುತ್ತದೆ. ಅವನೇಕೆ ಎಡವುತ್ತಾನೆಂಬುದೇ ತಿಳಿಯುವುದಿಲ್ಲ. ತಾನು ಎಡವಿ ಎದ್ದವನಿಗೆ, ಶಿಷ್ಯನ ಕಾಲು ಎಲ್ಲಿ ಜಾರಿತೆಂಬುದು ಬೇಗನೆ ಕಾಣುತ್ತದೆ. ಒಂದನ್ನು ಹತ್ತು ಸಲ ಹೇಳುವ ತಾಳ್ಮೆಯೂ ಅವನಲ್ಲಿರುತ್ತದೆ.

ಪಾಠ ಹೇಳುತ್ತಲೇ ಹಾಲಯ್ಯನ ಓದು ಮುಂದುವರಿಯಿತು. ಪರೀಕ್ಷೆಯು ಮುಗಿಯಿತೆಂದ ಮಾತ್ರಕ್ಕೆ ವಿದ್ಯೆಯು ಮುಗಿಯಲಿಲ್ಲ. ನಿಜಗುಣ ಶಿವಯೋಗಿಗಳ ಶಾಸ್ತ್ರಗಳು ಆತನ ಮನಸ್ಸನ್ನು ಸೆಳೆದವು. ಕೈವಲ್ಯಪದ್ಧತಿ, ವಿವೇಕಚಿಂತಾಮಣಿ ಮೊದಲಾದ ನಿಜಗುಣರ ಗ್ರಂಥಗಳನ್ನು ನಮ್ಮ ಹಳ್ಳಿಯ ಮಠಗಳಲ್ಲಿ ರಾತ್ರಿ ದೀಪದ ಬೆಳಕಿನಲ್ಲಿ ಒಬ್ಬರು ಓದಿ ಹತ್ತು ಜನ ಕೇಳುವ ಪದ್ಧತಿ ಬಹುಕಾಲದಿಂದ ಉಂಟು. ನಾನಾರು, ಈ ದೇಹವೇನು, ಶಿವನೆಂದರೇನು ಎಂಬ ಪ್ರಶ್ನೆಗಳಿಗೆ ಮುಲ್ಕಿಯ ಪ್ರಶ್ನಪತ್ರಿಕೆಯಲ್ಲಿ ಸ್ಥಳವಿಲ್ಲ. ಆದರೆ ಹದಿಹರೆಯದ ಅಂತರಂಗದಲ್ಲಿ ಅವು ಏಳುತ್ತವೆ; ಬಹುಮಂದಿಯಲ್ಲಿ ಎದ್ದು ಅಡಗುತ್ತವೆ. ಹಾಲಯ್ಯನಲ್ಲಿ ಅವು ಅಡಗಲಿಲ್ಲ.

ಮುಂದಿನ ಕಥೆಯು ಎಲ್ಲರೂ ಬಲ್ಲದ್ದಾದ್ದರಿಂದ ಸಂಗ್ರಹವಾಗಿ ಹೇಳುತ್ತೇನೆ. ಶಾಸ್ತ್ರಜಿಜ್ಞಾಸೆಯಿಂದ ಹಾಲಯ್ಯನು ಮನೆಯನ್ನು ಬಿಟ್ಟು ಹುಬ್ಬಳ್ಳಿಯ ಶ್ರೀ ಸಿದ್ಧಾರೂಢರ ಸನ್ನಿಧಿಗೆ ಹೋಗಿ ನಿಜಗುಣ ಶಾಸ್ತ್ರವನ್ನು ಶ್ರವಣ ಮಾಡಿದನು. ಇಷ್ಟಲಿಂಗನಿಷ್ಠೆಯೊಡನೆ ಕೂಡಿದ ಶಿವಯೋಗದ ಮಾರ್ಗವನ್ನು ಅರಸುತ್ತ ಅಲ್ಲಿಂದ ಮುಂದೆ ನಡೆದು, ಎಮ್ಮಿಗನೂರಿನ ಜಡೆಸಿದ್ಧರ ಕೃಪೆಗೆ ಪಾತ್ರನಾಗಿ, ಯಳಂದೂರಿನ ಶ್ರೀ ಬಸವಲಿಂಗ ಸ್ವಾಮಿಗಳವರನ್ನು ಸದ್ಗುರುಗಳಾಗಿ ಪಡೆದನು. ಅವರ ಸನ್ನಿಧಿಯಲ್ಲಿ ಶಿವಯೋಗ ಸಾಧನೆ ನಡೆಯಿತು. ಕಾಲಾಂತರದಲ್ಲಿ ಹಾನಗಲ್ಲ ವಿರಕ್ತಮಠದ ಅಧಿಕಾರವು ಬಂದಿತು. ಹಾಲಯ್ಯನು ಹಾನಗಲ್ಲ ಶ್ರೀ ಕುಮಾರ ಸ್ವಾಮಿಗಳಾದರು.

ಇಲ್ಲಿ ವಿಚಾರ ಮಾಡಬೇಕಾದುದೇನೆಂದರೆ, ಪೀಠಕ್ಕೆ ಬಂದ ಮೇಲೆ ಪೂಜ್ಯರು ಮಾಡಿದ ಕಾರ್ಯಗಳಲ್ಲೆಲ್ಲ ಆ ಬಡ ವಿದ್ಯಾರ್ಥಿಯ ನೆರಳು ಕಾಣುತ್ತದೆ. ಅವರು ಬಯಸಿದ್ದರೆ ಮಠದ ಒಳಗೆ ಕುಳಿತು ಪೂಜಾನುಷ್ಠಾನದಲ್ಲಿ ಕಾಲ ಕಳೆಯಬಹುದಾಗಿತ್ತು. ಆದರೆ ಅವರ ಕಣ್ಣ ಮುಂದೆ ಓದಲು ಬಯಸಿ ಓದಲಾರದ ಮಕ್ಕಳಿದ್ದರು. ಅವರ ಪ್ರೇರಣೆಯಿಂದ ೧೯೦೪ರಲ್ಲಿ ವೀರಶೈವ ಮಹಾಸಭೆಯು ಸ್ಥಾಪನೆಗೊಂಡು ಅದರ ಮೊದಲನೆಯ ಅಧಿವೇಶನವು ಧಾರವಾಡದಲ್ಲಿ ನೆರೆಯಿತು. ಯಾವ ಊರಿನಲ್ಲಿ ಹಾಲಯ್ಯನೆಂಬ ಹುಡುಗನು ಪರೀಕ್ಷೆಯಲ್ಲಿ ಸೋತು ಹಿಂದಿರುಗಿದ್ದನೋ ಅದೇ ಊರಿನಲ್ಲಿ ಸಮಾಜದ ಮುಖಂಡರೆಲ್ಲ ಅವರ ಮಾತಿನ ಮೇಲೆ ಬಂದು ಸೇರಿದರು. ಆ ಸಭೆಗೆ ಅಧ್ಯಕ್ಷರಾಗಿದ್ದವರು ಸಿರಸಂಗಿಯ ಲಿಂಗರಾಜ ದೇಸಾಯಿಯವರು. ೧೯೦೬ರಲ್ಲಿ ಲಿಂಗೈಕ್ಯರಾದ ಆ ತ್ಯಾಗವೀರರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಮೀಸಲಿಟ್ಟುದನ್ನೂ, ಅದರಿಂದ ಎಷ್ಟೋ ಬಡ ವಿದ್ಯಾರ್ಥಿಗಳು ದಡ ಮುಟ್ಟಿದುದನ್ನೂ ನಾವು ಕೃತಜ್ಞತೆಯಿಂದ ನೆನೆಯಬೇಕು.

೧೯೦೯ರಲ್ಲಿ ಬಾದಾಮಿಯ ಸಮೀಪದಲ್ಲಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವು ಸ್ಥಾಪನೆಯಾಯಿತು. ಮಠಗಳಿಗೆ ಅಧಿಕಾರಿಗಳಾಗಬೇಕಾದ ವಟುಗಳನ್ನು ಚಿಕ್ಕಂದಿನಿಂದಲೇ ವಿದ್ಯೆಯಲ್ಲಿಯೂ ಆಚಾರದಲ್ಲಿಯೂ ಯೋಗದಲ್ಲಿಯೂ ತರಬೇತುಗೊಳಿಸುವುದು ಅದರ ಉದ್ದೇಶ. ಅಲ್ಲಿ ಸಂಸ್ಕೃತ ಕನ್ನಡಗಳ ಪಾಠವಿತ್ತು, ಸಂಗೀತವಿತ್ತು, ಗೋಶಾಲೆಯಿತ್ತು, ಗೋಮಯದಿಂದ ಕ್ರಮವರಿತು ವಿಭೂತಿಯನ್ನು ತಯಾರಿಸುವ ಕಾಯಕವಿತ್ತು, ಊರೂರು ಮಠಗಳಿಂದ ಸಂಗ್ರಹಿಸಿ ತಂದ ತಾಳೆಗರಿಯ ಗ್ರಂಥಗಳ ಭಾಂಡಾರವಿತ್ತು. ಇಷ್ಟೆಲ್ಲಕ್ಕೂ ಹಣ ಬೇಕು, ಧಾನ್ಯ ಬೇಕು. ಪೂಜ್ಯರು ಏನು ಮಾಡಿದರು? ಮತ್ತೆ ಜೋಳಿಗೆಯನ್ನು ಹಿಡಿದು ಊರೂರಿಗೆ ನಡೆದರು. ಕಜ್ಜರಿಯಲ್ಲಿ ಒಬ್ಬನ ಹೊಟ್ಟೆಗಾಗಿ ಹಿಡಿದ ಜೋಳಿಗೆಯು ಈಗ ನೂರಾರು ಮಕ್ಕಳ ಊಟಕ್ಕಾಗಿ ತೆರೆಯಿತು. ಬಾಲ್ಯದಲ್ಲಿ ಆ ಜೋಳಿಗೆಗೆ ನಾಚಿದ್ದವನಾದರೆ ವೃದ್ಧಾಪ್ಯದಲ್ಲಿ ಅದನ್ನು ಹಿಡಿಯುವ ಧೈರ್ಯ ಬರುತ್ತಿರಲಿಲ್ಲ.

ಯೋಗ್ಯತೆಯನ್ನು ಗುರುತಿಸುವ ಅವರ ದೃಷ್ಟಿಗೆ ಒಂದೇ ಉದಾಹರಣೆ ಸಾಕು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಇಬ್ಬರು ಅಂಧ ಸೋದರರಿದ್ದರು. ಅವರಲ್ಲಿ ಕಿರಿಯನಾದ ಗದಿಗೆಯ್ಯನು ೧೮೯೨ರಲ್ಲಿ ಹುಟ್ಟಿದವನು. ಕಣ್ಣಿಲ್ಲದ ಮಕ್ಕಳಿಗೆ ಆ ಕಾಲದಲ್ಲಿ ಶಾಲೆಯೆಂಬುದಿಲ್ಲ, ಪರೀಕ್ಷೆಯೆಂಬುದಂತೂ ಇಲ್ಲವೇ ಇಲ್ಲ; ಬಾಳೆಲ್ಲ ಮತ್ತೊಬ್ಬರ ಕೈ ಹಿಡಿದು ನಡೆಯಬೇಕಾದವರೆಂದೇ ಲೋಕದ ನಿರ್ಣಯ. ಅವರ ಹಾಡನ್ನು ಪೂಜ್ಯರು ಕೇಳಿದರು. ಲೋಕವು ಇಲ್ಲದ ಕಣ್ಣುಗಳನ್ನು ಎಣಿಸಿತು. ಪೂಜ್ಯರು ಇದ್ದ ಕಂಠವನ್ನು ಕೇಳಿದರು. ಇಬ್ಬರನ್ನೂ ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಸಂಗೀತ ಶಿಕ್ಷಣಕ್ಕೆ ಏರ್ಪಾಡು ಮಾಡಿಸಿದರು. ಅಣ್ಣನು ಬಹುಕಾಲ ಬದುಕಲಿಲ್ಲ. ಗದಿಗೆಯ್ಯನು ಕರ್ನಾಟಕ ಹಿಂದುಸ್ತಾನಿ ಸಂಗೀತಗಳೆರಡರಲ್ಲಿಯೂ ಪಾರಂಗತನಾಗಿ ಪಂಚಾಕ್ಷರ ಗವಾಯಿಗಳೆಂದು ನಾಡಿಗೆಲ್ಲ ಪೂಜ್ಯರಾದರು. ೧೯೪೪ರಲ್ಲಿ ಅವರು ಲಿಂಗೈಕ್ಯರಾಗುವ ಹೊತ್ತಿಗೆ ಗದಗಿನ ವೀರೇಶ್ವರ ಪುಣ್ಯಾಶ್ರಮವು ಅಂಧರಿಗೂ ಅನಾಥರಿಗೂ ಮನೆಯಾಗಿ ನೆಲೆನಿಂತಿತ್ತು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು ೨೦೧೦ರ ವರೆಗೆ ಆ ಆಶ್ರಮವನ್ನು ಬೆಳೆಸಿದರು. ಮತ್ತೊಬ್ಬ ಶಿಷ್ಯರಾದ ಬಸವರಾಜ ರಾಜಗುರುಗಳ ಗಾಯನವನ್ನು ದೇಶವೇ ಮೆಚ್ಚಿತು. ಇಷ್ಟು ದೊಡ್ಡ ಮರದ ಬೀಜವು, ಒಂದು ಅಳತೆಗೋಲಿನಿಂದ ಮಕ್ಕಳನ್ನು ಅಳೆಯಲೊಲ್ಲದ ಒಬ್ಬ ಗುರುವಿನ ಅಂಗೈಯಲ್ಲಿತ್ತು. ಆ ಅಳತೆಗೋಲಿನ ಪೆಟ್ಟನ್ನು ಆ ಗುರುವು ತಾನೇ ತಿಂದಿದ್ದನು.

೧೯೩೦ನೆಯ ಫೆಬ್ರುವರಿ ೧೯ರಂದು ಕುಮಾರ ಸ್ವಾಮಿಗಳವರು ಲಿಂಗೈಕ್ಯರಾದರು. ಶಿವಯೋಗಮಂದಿರದಲ್ಲಿರುವ ಅವರ ಗದ್ದುಗೆಗೆ ಇಂದಿಗೂ ಭಕ್ತರು ಹೋಗಿ ಹಣೆ ಮಣಿಯುತ್ತಾರೆ. ಅಲ್ಲಿ ತರಬೇತು ಪಡೆದ ಸಾಧಕರು ಅನೇಕ ಮಠಗಳ ಅಧಿಪತಿಗಳಾಗಿ ಊರೂರುಗಳಲ್ಲಿ ಶಾಲೆಗಳನ್ನೂ ಪ್ರಸಾದ ನಿಲಯಗಳನ್ನೂ ತೆರೆದರು. ಹಳ್ಳಿಯಿಂದ ಓದಲು ಬಂದ ಎಷ್ಟೋ ಸಾವಿರ ಮಕ್ಕಳು ಜಾತಿಭೇದವಿಲ್ಲದೆ ಆ ನಿಲಯಗಳಲ್ಲಿ ಉಂಡು ಓದಿ ಬಾಳು ಕಟ್ಟಿಕೊಂಡರು. ಪರಸ್ಥಳದಲ್ಲಿ ಊಟಕ್ಕೆ ದಾರಿಯೇನೆಂಬ ಹಾಲಯ್ಯನ ಪ್ರಶ್ನೆಗೆ ಸಮಾಜವು ಕೊಟ್ಟ ಉತ್ತರ ಇದು.

ಈ ಚರಿತ್ರೆಯಿಂದ ನಾವು ಏನನ್ನು ಕಲಿಯಬೇಕು? ಪರೀಕ್ಷೆಗೆ ಬೆಲೆಯಿಲ್ಲವೆಂದೇ? ಹಾಗೆ ತಿಳಿದರೆ ಅದು ತಪ್ಪಾಗುವುದು. ಪೂಜ್ಯರು ತಮ್ಮ ಬಾಳೆಲ್ಲ ಮಕ್ಕಳು ಓದಲಿ, ಪರೀಕ್ಷೆಗಳಲ್ಲಿ ಮುಂದೆ ಬರಲಿ ಎಂದೇ ಶ್ರಮಿಸಿದರು. ಓದಿನಲ್ಲಿ ಅಲಕ್ಷ್ಯ ಮಾಡುವುದು ಕಾಯಕದಲ್ಲಿ ಕಳ್ಳತನ ಮಾಡಿದಂತೆ. ವಿದ್ಯಾರ್ಥಿಗೆ ಓದೇ ಕಾಯಕ. ಆದರೆ ಕಾಯಕದ ಮರ್ಮವನ್ನು ಶರಣರು ಎಲ್ಲಿಟ್ಟರು? ಫಲದ ಗಾತ್ರದಲ್ಲಿಡಲಿಲ್ಲ, ಮಾಡುವವನ ಸತ್ಯಶುದ್ಧತೆಯಲ್ಲಿ ಇಟ್ಟರು. ಶುದ್ಧ ಮನಸ್ಸಿನಿಂದ ದುಡಿದವನ ಕೈಗೆ ಬಂದುದು ಅಲ್ಪವಾದರೂ ಅದು ಲಿಂಗಕ್ಕೆ ಸಲ್ಲುತ್ತದೆ. ಮಗನು ಮನವಿಟ್ಟು ಓದಿದ್ದಾನೆಯೇ ಎಂಬುದನ್ನು ತಂದೆತಾಯಿಗಳು ಮೊದಲು ನೋಡಬೇಕು. ಓದಿರದಿದ್ದರೆ ತಿದ್ದಬೇಕು, ಓದಿಯೂ ಹಿಂದೆ ಬಿದ್ದಿದ್ದರೆ ಬೆನ್ನ ಮೇಲೆ ಕೈಯಿಡಬೇಕು. ಇವೆರಡರ ಭೇದವನ್ನರಿಯದೆ ಬಾಯಿಗೆ ಬಂದಂತೆ ಜರೆಯುವುದು ಗೃಹಸ್ಥಧರ್ಮಕ್ಕೆ ಸಲ್ಲದು. ಮಗುವಿನ ಕೊರಳಲ್ಲಿಯೂ ಲಿಂಗವಿದೆ. ಅದನ್ನು ಮರೆತು ಆಡಿದ ಮಾತು ಎಲ್ಲಿಗೆ ಮುಟ್ಟುತ್ತದೆಂಬುದನ್ನು ಬಲ್ಲವರು ವಿಚಾರಿಸಬೇಕು.

ಮಕ್ಕಳಿಗೂ ಒಂದು ಮಾತು. ಹಾಲಯ್ಯನು ನಪಾಸಾದ ಮೇಲೆ ಮಾಡಿದ ಮೊದಲನೆಯ ಕೆಲಸವನ್ನು ನೆನಪಿನಲ್ಲಿಡಿರಿ. ತನಗೆ ತಿಳಿದಷ್ಟನ್ನು ತನಗಿಂತ ಚಿಕ್ಕವರಿಗೆ ಕಲಿಸತೊಡಗಿದನು. ಸೋತ ದಿನವೂ ನಿಮ್ಮಲ್ಲಿ ಮತ್ತೊಬ್ಬರಿಗೆ ಕೊಡಬಹುದಾದ ಏನೋ ಒಂದು ಉಳಿದಿರುತ್ತದೆ. ಅದನ್ನು ಹುಡುಕಿ ಕೊಡತೊಡಗಿದರೆ ಸೋಲಿನ ಭಾರವು ತಾನಾಗಿ ಇಳಿಯುತ್ತದೆ.

ಬೇಸಗೆಯಲ್ಲಿ ಮಠಕ್ಕೆ ಬಂದ ಆ ಹುಡುಗನು ಈಗ ಅದೇ ತರಗತಿಯಲ್ಲಿ ಮತ್ತೆ ಓದುತ್ತಿದ್ದಾನೆ. ರವಿವಾರ ಮಠಕ್ಕೆ ಬಂದು ಚಿಕ್ಕ ವಟುಗಳಿಗೆ ಮಗ್ಗಿ ಹೇಳಿಕೊಡುತ್ತಾನೆ. ಮುಂದೆ ಅವನೇನಾಗುವನೆಂಬುದನ್ನು ಶಿವನೇ ಬಲ್ಲ. ಆದರೆ ಕಳೆದ ವಾರ ಅವನ ತಂದೆಯವರು ಬಂದು ಕಂಬದ ಮರೆಯಲ್ಲಿ ನಿಂತು ಅವನ ಪಾಠವನ್ನು ಕೇಳಿ, ಒಂದು ಮಾತನ್ನೂ ಆಡದೆ, ಗುರುಗಳ ಗದ್ದುಗೆಗೆ ನಮಸ್ಕರಿಸಿ ಹೋದರು. ಹಾಲಯ್ಯನನ್ನು ಕುಮಾರೇಶ್ವರನನ್ನಾಗಿ ಮಾಡಿದ ಆ ಪರಶಿವನು ನಮ್ಮ ಮನೆಮನೆಯ ಮಕ್ಕಳ ಮೇಲೆ ಕೃಪಾದೃಷ್ಟಿಯನ್ನಿರಿಸಲಿ. ಅವರನ್ನು ತಾಳ್ಮೆಯಿಂದ ಬೆಳೆಸುವ ಬುದ್ಧಿಯನ್ನು ನಮಗೆ ಕರುಣಿಸಲಿ.